ಹುಣಸೆಬೀಜದ ಲೆಕ್ಕ

ತುಮಕೂರಿನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ
"ಯಾಕೆ ಬಂತೋ ಗೊತ್ತಿಲ್ಲ, ಇನ್ನೂ ಹುಡುಕ್ತಾ ಇದಾರೆ" ಅಂದರು.
ಅಮ್ಮ ಚೀಟಿ ಮಡಚಿ ರವಿಕೆಯೊಳಗಿಟ್ಟಳು.
ಏಳು ವರ್ಷದ ಓಬಳೇಶ ಮಾತ್ರ
ಮಧುಗಿರಿ ಬಸ್ಸು ಕೊರಟಗೆರೆ ದಾಟುವ ತನಕ
ಕೇಳುತ್ತಲೇ ಇದ್ದ:
ಯಾರು ಹುಡುಕ್ತಾರೆ? ಎಲ್ಲಿ?
ಬ್ಯಾಟರಿ ಇದೆಯಾ ಅವರ ಹತ್ರ?
ಅವರಿಗೆ ಕೂಲಿ ಯಾರು ಕೊಡ್ತಾರೆ?

ಕೊನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ನಾನು ಆಗ ಎಂಟನೇ ಕ್ಲಾಸು.
ನಡುವಿನವಳು ತನುಜ, ಕಿಟಕಿಗೆ ಹಣೆ ಒತ್ತಿ
ನಿದ್ದೆ ಬಂದವಳ ಹಾಗೆ ನಟಿಸುತ್ತಿದ್ದಳು.
ತೊಡೆಯ ಮೇಲೆ ಇನ್ಸುಲಿನ್ನಿನ ಡಬ್ಬಿ,
ಸುತ್ತ ಒದ್ದೆ ಟವೆಲು.

ಅದು ಹುಣಸೆಯ ಕಾಲ.
ಮಂಡಿಯ ಮೂಟೆ ಬಂದು ಬೀಳುವ ನಮ್ಮ ಕೇರಿಯಲ್ಲಿ
ಹೆಂಗಸರ ಉಗುರೆಲ್ಲ ಕಂದು.
ಸಿಪ್ಪೆ ಬಡಿದು, ನಾರೆಳೆದು, ಬಿಡಿಸಿದ ಹಣ್ಣು ಸಾಹುಕಾರನದು,
ಕೂಲಿ ಅಮ್ಮನದು,
ಚಪ್ಪಡಿ ಸಂದಿಗೆ ಹಾರಿದ ಬೀಜ
ಯಾರದೂ ಅಲ್ಲ.
ಅದನ್ನು ಹೆಕ್ಕಿದೆವು.
ಮೊಣಕಾಲು ಊರಿ, ಪೊರಕೆಕಡ್ಡಿಯಿಂದ ಎಬ್ಬಿಸಿ,
ಕಿಲೋಗೆ ಹದಿನಾಲ್ಕು ರೂಪಾಯಿ.

ಡಬ್ಬಿಗೆ ಚೀಟಿ ಅಂಟಿಸಿದೆ: ಸಂಶೋಧನೆ.
ಮೂರು ಸಲ ಕಾಗುಣಿತ ತಪ್ಪಿ ನಾಲ್ಕನೆಯದು.
ಅಜ್ಜಿ ಓದಿಸಿಕೊಂಡಳು.
"ಶೋಧ್ಸೋದು ಅಂದ್ರೆ ಸೋಸೋದು ತಾನೆ?
ಹಾಲು ಸೋಸ್ತೀವಿ, ಕಷಾಯ ಸೋಸ್ತೀವಿ.
ಕಾಯ್ಲೇನ ಯಾವ ಬಟ್ಟೇಲಿ ಸೋಸ್ತಾರಂತೆ?"
ಅಂದವಳೇ ಎಲೆಅಡಿಕೆ ಚೀಲ ತಡಕಿ
ಎರಡು ರೂಪಾಯಿ ಬಿಲ್ಲೆ ಹಾಕಿದಳು.
"ಬಟ್ಟೆಗಾಗ್ಲಿ."

ಗಿರಣಿಯ ನಸೀರಣ್ಣ ಐವತ್ತು.
ಬೇವಿನ ಚಿಗುರು ಅರೆದು ಕುಡಿಸಿ ಎಂದವರು ಹನ್ನೊಂದು ಜನ,
ಅದರಲ್ಲಿ ದುಡ್ಡು ಕೊಟ್ಟವರು ಇಬ್ಬರು.
ಡ್ರಾಯಿಂಗ್ ಮೇಷ್ಟ್ರು, "ಹುಡುಗಿ ಫೋಟೋ ಹಾಕ್ರೋ,
ಜನ ಕರಗ್ತಾರೆ" ಅಂದರು.
ತನುಜ ಅವತ್ತೇ ಮೊದಲು ಬಾಯಿ ಬಿಟ್ಟಿದ್ದು:
"ನಾನೇನು ಸತ್ತೋಗಿದೀನಾ, ಕಳೆದೋಗಿದೀನಾ
ಫೋಟೋ ಹಾಕೋಕೆ?"
ಫೋಟೋ ಹಾಕಲಿಲ್ಲ.
ಅವಳು ಡಬ್ಬಿಯ ಕಡೆ ನೋಡಲೂ ಇಲ್ಲ.

ಯುಗಾದಿಗೆ ವಾರವಿತ್ತು.
ಬೆರಳು ಚುಚ್ಚಿ ನೋಡುವ ಪಟ್ಟಿ ಮುಗಿದಿತ್ತು.
ಅಮ್ಮ ಯಾರನ್ನೂ ಕೇಳದೆ ಡಬ್ಬಿ ಬೋರಲು ಹಾಕಿ
ಆರುನೂರ ಇಪ್ಪತ್ತು ಎಣಿಸಿಕೊಂಡು
ಮೆಡಿಕಲ್ ಶಾಪಿಗೆ ಹೋದಳು.
"ಅದು ಹುಡುಕೋರ ದುಡ್ಡು!" ಎಂದು
ಓಬಳೇಶ ಬಾಗಿಲಿಗೆ ಅಡ್ಡ ಮಲಗಿ ಅತ್ತ.
ಸಂಜೆ ಲೆಕ್ಕದ ಪುಸ್ತಕದಲ್ಲಿ
ತಾನೇ ಬರೆದ, ಪೆನ್ಸಿಲ್ ಒತ್ತಿ:
ತನುಜಕ್ಕ. ಸಾಲ. 620.
ಬಯ್ಯಬೇಕಿತ್ತು. ನಾನು ಬಯ್ಯಲಿಲ್ಲ.
ಅಮ್ಮನೂ ಅಳಿಸಲಿಲ್ಲ.

ರಾತ್ರಿ ಎಚ್ಚರವಾದರೆ ಪಡಸಾಲೆಯಲ್ಲಿ ದೀಪ.
ತನುಜ ಒಬ್ಬಳೇ ಮೂಟೆ ಮುಂದೆ.
ಚುಚ್ಚಿ ಚುಚ್ಚಿ ತೂತಾದ ಬೆರಳತುದಿಗೆ
ಹುಣಸೆಹುಳಿ ತಾಗಿ
ಒಮ್ಮೊಮ್ಮೆ ಕೈ ಕೊಡವುತ್ತಿದ್ದಳು.
ಅವತ್ತಿನಿಂದ ಭಾಗ ಮಾಡಿದಳು:
ಸೂಜಿಗೆ ಎಡಗೈ,
ಹುಣಸೆಗೆ ಬಲಗೈ.

ಮಳೆಗಾಲಕ್ಕೆ ಮುಂಚೆ ಡಾಕ್ಟರಮ್ಮ ಕೊಟ್ಟ ವಿಳಾಸಕ್ಕೆ
ಸಾವಿರದ ಎಂಟುನೂರ ಎಪ್ಪತ್ತೊಂದು ಕಳಿಸಿದೆವು.
ಪೋಸ್ಟಾಫೀಸಿನಾತ ಚಿಲ್ಲರೆ ಎಣಿಸಲು
ಊಟದ ಹೊತ್ತು ತಪ್ಪಿಸಿಕೊಂಡ.
ತಿಂಗಳಿಗೆ ರಸೀದಿ ಬಂತು. ಹಸಿರು ಶಾಯಿ, ದುಂಡು ಸೀಲು,
ಶ್ರೀ ಓಬಳೇಶ್ ಅವರಿಗೆ.
ಆ ಶ್ರೀ ಅನ್ನುವುದನ್ನು ಬೀದಿಗೆಲ್ಲ ತೋರಿಸಿ ಬಂದವನು
ಬಾಗಿಲಲ್ಲೇ ಕೇಳಿದ, "ಹಂಗಾದ್ರೆ ಸಿಕ್ತಾ?"

ಹದಿನಾರು ವರ್ಷ.
ಅಜ್ಜಿ ಇಲ್ಲ. ಕೇರಿಯಲ್ಲಿ ಈಗ ಬೀಜ ಬಿಡಿಸುವ ಯಂತ್ರ.
ಪ್ರತಿ ಯುಗಾದಿಗೆ ಮೂವರೂ ಒಂದಿಷ್ಟು ಕಳಿಸುತ್ತೇವೆ,
ರಸೀದಿ ಫೋನಿಗೇ ಬರುತ್ತದೆ, ಶ್ರೀ ಇಲ್ಲದೆ.
ಸಾಲದ ಪುಟ ತನುಜಳ ಬೀರುವಿನಲ್ಲಿದೆ.
ಐನೂರ ತೊಂಬತ್ತು ತೀರಿಸಿದ್ದಾಳೆ.
ಮಿಕ್ಕ ಮೂವತ್ತು ಓಬಳೇಶ ಈಗಲೂ ಕೇಳುತ್ತಾನೆ,
ಬಡ್ಡಿ ಸೇರಿಸಿ.

"ಸಿಗಲಿ, ಕೊಡ್ತೀನಿ" ಅನ್ನುತ್ತಾಳೆ
ಬೆರಳು ಒರೆಸಿಕೊಳ್ಳುತ್ತ.