ಷರಾ

ಮೂರು ವಾರದಿಂದ ಸ್ಟಿಕ್ಕರು ಅಂಟಿಸುತ್ತಿದ್ದೇನೆ.
ದುರ್ಗದ ಆಸ್ಪತ್ರೆಯ ಒಂದೊಂದು ಯಂತ್ರದ ಬೆನ್ನಿಗೂ
ಕಪ್ಪು ಗೆರೆಗಳ ಒಂದು ಹೆಸರು.
ಆಯಾಗಳು ನನ್ನನ್ನು ಸ್ಟಿಕ್ಕರ್ ಸಾರು ಅನ್ನುತ್ತಾರೆ.
ಇನ್ನೊಂದು ಹೆಸರೂ ಇದ್ದೀತು,
ನಾನು ದಾಟಿದ ಮೇಲೆ ನಗು ಕೇಳಿಸುತ್ತದೆ.

ಏಳು ಸುತ್ತಿನ ಕೋಟೆ ಕಾಣುವ ಕಿಟಕಿ, ಪಕ್ಕಕ್ಕೆ ಕಂಪ್ಯೂಟರು.
ಪಾಸ್‌ವರ್ಡನ್ನು ಮಾತ್ರ ಚೀಟಿಯಲ್ಲಿ ಬರೆದು
ಅದರ ಹಣೆಗೇ ಅಂಟಿಸಿದ್ದಾರೆ.

ಯಂತ್ರ, ಕಂಪನಿ, ಕೊಂಡ ವರ್ಷ, ವಾರ್ಡು.
ಸ್ಥಿತಿ: ಚಾಲೂ, ಕೆಟ್ಟಿದೆ, ಗುಜರಿ.
ಒಂದನ್ನು ಒತ್ತದೆ ಮುಂದಿನ ಪುಟವಿಲ್ಲ.

ಹೀಗೆ ಒತ್ತುತ್ತ ಒತ್ತುತ್ತ
ಹೊಳಲ್ಕೆರೆಗೆ ಎರವಲು ಹೋದ ಸಕ್ಷನ್ ಮೆಷಿನ್ನು
ನಾಲ್ಕು ವರ್ಷವಾದರೂ ಮರಳಿಲ್ಲವೆಂದು ತಿಳಿಯಿತು.
ತುರ್ತು ವಾರ್ಡಿನ ಮೂಲೆಯಲ್ಲಿ
ದಿನಾ ಒರೆಸಿಕೊಂಡು ಫಳಫಳ ನಿಂತ ಡಿಫಿಬ್ರಿಲೇಟರು,
ಅದರ ಬ್ಯಾಟರಿ ಸತ್ತು ಎರಡು ಆಯುಧಪೂಜೆಯಾಗಿತ್ತು.
ಎರಡು ಸಲವೂ ಕುಂಕುಮ ಇಟ್ಟಿದ್ದಾರೆ.
ಅದನ್ನು ನಂಬಿ ಎಷ್ಟು ರಾತ್ರಿ ಎಷ್ಟು ಎದೆ ಮಲಗಿದ್ದವೋ
ನಾನು ಲೆಕ್ಕ ಹಾಕಲಿಲ್ಲ. ತಂತ್ರಾಂಶವೂ ಕೇಳಲಿಲ್ಲ.

ಎಳೆಗೂಸುಗಳ ವಾರ್ಡು. ಎರಡನೇ ವಾರ್ಮರು.
ಚಾಲೂ ಒತ್ತಲು ಹೋದೆ.
"ತಡೀರಿ ಸಾ," ಅಂದಳು ಗಂಗಮಾಳಮ್ಮ,
"ಅದು ಹಂಗೇ ಕಾಯಲ್ಲ. ಎಡಗಡೆ ಪಕ್ಕೆಗೆ
ಎಲ್ಡು ಸಲ ತಟ್ಟಬೇಕು, ಕೂಸಿಗೆ ತೇಗು ಬರಸ್ತೀವಲ್ಲ, ಹಂಗೆ.
ಜೋರಾಗಿ ತಟ್ಟಿದ್ರೆ ಮುನಿಸ್ಕಂತೈತೆ."
ತಟ್ಟಿದಳು. ಕೆಂಪಗೆ ಕಾದಿತು.
"ನಿನಗೆ ರಜೆ ಇದ್ದಾಗ?"
"ಫೋನ್ ಮಾಡ್ತಾರೆ. ಒಂದ್ಸಲ ಚಳ್ಳಕೆರೆ ಬಸ್ಸಲ್ಲಿದ್ದೆ,
ಅಲ್ಲಿಂದ್ಲೇ ಹೇಳಿ ತಟ್ಟಿಸ್ದೆ."

ಚಾಲೂ ಅಂದರೆ ಸುಳ್ಳು.
ಕೆಟ್ಟಿದೆ ಅನ್ನೋಣವೆಂದರೆ, ಎದುರಿಗೇ
ಆ ಬೆಳಕಿನಡಿ ಒಂದೂಕಾಲು ಕೆಜಿಯ ಕೂಸು
ಮುಷ್ಟಿ ಬಿಚ್ಚಿ, ಮತ್ತೆ ಮುಚ್ಚಿ, ಮತ್ತೆ ಬಿಚ್ಚಿ.

ಪುಟದ ಬುಡದಲ್ಲಿ ಷರಾ ಎಂಬ ಕಿಂಡಿಯಿತ್ತು.
ಹಳೇ ರಿಜಿಸ್ಟರಿನಲ್ಲಿ ಸಿಸ್ಟರ್ ಶಾಹೀದಾ
ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ಅಂಚು:
ಒಂದು ಇಸಿಜಿ ಯಂತ್ರಕ್ಕೆ, 'ಸ್ವಲ್ಪ ಹಟಮಾರಿ.'
ನಾನು ಬರೆದೆ: 'ಎಡಬದಿಗೆ ಎರಡು ಸಲ ತಟ್ಟಿದರೆ ಕಾಯುತ್ತದೆ.
ತಟ್ಟುವವರು: ಗಂಗಮಾಳ'
ಅಷ್ಟಕ್ಕೇ ಅಕ್ಷರ ಮುಗಿದವು.
ಕೆಟ್ಟಿದೆ ಒತ್ತಿದೆ.

ಎರಡು ದಿನ ಒಂದೇ ವಾರ್ಮರಿನಲ್ಲಿ ಎರಡು ಕೂಸು.
ಎರಡು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ.

ಹುಬ್ಬಳ್ಳಿಯಿಂದ ಕಂಪನಿ ಹುಡುಗ ಬಂದ. ಬಿಚ್ಚಿದ.
ಬೆಸುಗೆ ಬಿಟ್ಟ ಒಂದು ತಂತಿ,
ಸುತ್ತ ಕಾಡಿಗೆಯಷ್ಟು ಕರಿ.
"ಇನ್ನೊಂದು ತಿಂಗಳಾಗಿದ್ರೆ ಹೊತ್ಕೋತಿತ್ತು ಸರ್,
ಪಕ್ಕದಾಗ ಆಕ್ಸಿಜನ್ ಬ್ಯಾರೆ."
ಗಂಗಮಾಳಮ್ಮ ಬಾಗಿಲಲ್ಲಿದ್ದಳು.
ಬಲಗೈಯನ್ನು ಸೆರಗಿಗೆ ಒರೆಸಿಕೊಂಡಳು.
ಕೈಗೆ ಏನೂ ಅಂಟಿರಲಿಲ್ಲ.

ದೂರು ಹಸಿರಾಯಿತು: ಮುಕ್ತಾಯ.
ಷರಾ ತಾನಾಗಿ ಅಳಿಯಿತು, ಅದರ ಕಾನೂನು ಹಾಗೆ.

ಇವತ್ತು ಬೆಳಿಗ್ಗೆ ಮತ್ತೆ ಆ ವಾರ್ಡಿಗೆ ಹೋದೆ.
ಸ್ವಿಚ್ಚು ಹಾಕಿದರೆ ಸಾಕಾದ ಯಂತ್ರದ ಎಡಪಕ್ಕೆಗೆ
ಅವಳು ತಟ್ಟುತ್ತಿದ್ದಳು, ಎರಡು ಸಲ, ಮೆಲ್ಲಗೆ.
"ಸರಿಯಾಯ್ತಲ್ಲಮ್ಮ, ಇನ್ಯಾಕೆ?"
"ಸರಿಯಾಗೈತೆ ಅಂತ ಅದಕ್ಕೂ ಗೊತ್ತಾಗಬೇಕಲ್ಲ ಸಾ."

ನಾನು ಮೂರನೇ ವಾರ್ಮರಿನ ಬೆನ್ನು ಸವರಿದೆ,
ಸ್ಟಿಕ್ಕರಿಗೆ ಜಾಗ ಹುಡುಕುತ್ತ.