ಮನಿಯವರು

ಗದಗಿನ ಆ ಸಣ್ಣ ಸಭಾಭವನದಾಗ
ಶಾಲು ಹೊಚ್ಚಿದ್ರು, ಹಣ್ಣಿನ ಬುಟ್ಟಿ ಕೊಟ್ರು ಫಕೀರೇಶಗ.
ನಿರೂಪಕನ ಚೀಟಿಯೊಳಗ ಒಂದು ಶಬ್ದ ಇತ್ತು,
ಅದರ ಹತ್ರ ಬಂದು ಕೆಮ್ಮಿ, ದಾಟಿ ಹೋದ.

ಮೈಕ್ ಇಸ್ಕೊಂಡು ಇವ ತಾನ ಅಂದ:
"ಗಂಡಸಾಗಿ ಗಂಡಸನ್ನ ಪ್ರೀತಿ ಮಾಡಾಂವ ನಾ.
ನಾಟಕದಾಗ ನನ್ನಂಥವ್ರನ್ನ ಆಡಿಕೊಳ್ಳೋ ಮಾತು
ಬರದು ಕೊಟ್ರು. ಹೇಳಲಿಲ್ಲ.
ಮೂರು ಹಂಗಾಮು ಬರೇ ಪರದೆ ಎಳದೆ."

ಯಾರೋ ಸೀಟಿ ಹೊಡದ್ರು.
ಎಂಥಾ ಸೀಟಿ, ತಿಳೀಲಿಲ್ಲ.

ಫೋಟೋದಾಂವ ಒದರಿದ:
"ಮನಿಯವ್ರು ಯಾರದಾರ? ಮ್ಯಾಲ ಬರ್ರಿ."
ನಾನೂ ಎಲ್ಲಾರ ಹಂಗ
ಹಿಂದ ಹೊಳ್ಳಿ ನೋಡಿದೆ.

ತೊಡಿ ಮ್ಯಾಲ ಅವನ ಚಸ್ಮಾದ ಡಬ್ಬಿ.
ಬೆರಳಿಗೆ, ಮುಂಜಾನೆ ಅವನ ಅಂಗಿ ಇಸ್ತ್ರಿ ಮಾಡುವಾಗ
ಎದ್ದ ಬೊಬ್ಬಿ.

ಎದ್ದೆ.
ಕಬ್ಬಿಣದ ಖುರ್ಚಿ
ನನಗಿಂತ ಮೊದಲ ಒದರಿತು.