ಉಜ್ಜದ ಕೈ

ಮೊದಲು ಸ್ಪಿರಿಟ್ಟು, ಮೇಲೆ ಪೌಡರು,
ಆಮೇಲೆ ಅಂಗೈ, ಸುತ್ತುಸುತ್ತಾಗಿ,
ಬೆನ್ನು ಕೆಂಪಾದಲ್ಲಿ ರಕ್ತ ಓಡಾಡಲಿ ಅಂತ.
ಕಲಿಸಿದವರು ಎಲಿಶಮ್ಮ ಸಿಸ್ಟರು, ತೊಂಬತ್ತೆಂಟರಲ್ಲಿ,
ಇದೇ ದಾವಣಗೆರೆಯ ಇದೇ ಮೂಳೆ ವಾರ್ಡಿನಲ್ಲಿ.
ಅವರಿಗೆ ಯಾರು ಕಲಿಸಿದರೋ. ನಾನು ಕೇಳಲಿಲ್ಲ.
ಕೈ ಕೇಳುವುದಿಲ್ಲ, ರೂಢಿ ಮಾಡಿಕೊಳ್ಳುತ್ತದೆ,
ಭಟ್ಟಿಯ ಮರಳು ಮಂಡಕ್ಕಿಗೆ ಕಾದಿತೋ ಇಲ್ಲವೋ
ನೋಡದೆಯೇ ಹೇಳುವವರ ಕೈಯಂತೆ.

ಜೂನಿನಲ್ಲಿ ಫರ್ಹಾನಾ ಬಂದಳು.
ಕೋಟಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಜೆರಾಕ್ಸು.
"ಮೇಡಂ, ಕೆಂಪಾದಲ್ಲಿ ಉಜ್ಜಬಾರದಂತೆ.
ಒಳಗೆ ಆಗಲೇ ಸೋತಿರುತ್ತದಂತೆ ಚರ್ಮ,
ಉಜ್ಜಿದರೆ ಇನ್ನಷ್ಟು ನಲುಗುತ್ತದಂತೆ."
"ಅಂತೆ ಕಂತೆ ಬೇಡ. ಹೇಳಿದ್ದು ಯಾರು?"
"ಎಣಿಸಿ ನೋಡಿದವರು."

ಎಣಿಸಿ!
ನಾನು ಎಣಿಸದ್ದೇನಿದೆ ಇಲ್ಲಿ?
ದಿಂಬಿನ ಕವರು, ಥರ್ಮಾಮೀಟರು, ಡ್ರಿಪ್ಪಿನ ಹನಿ,
ಇಂಡೆಂಟಿಗೆ ಬಂದ ಹತ್ತಿಯ ಉಂಡೆ, ಬಾರದ ಗ್ಲೌಸು,
ರಾತ್ರಿ ಮೂರಕ್ಕೆ ಒಬ್ಬೊಬ್ಬರ ಉಸಿರು.
ಬೆನ್ನು ಮಾತ್ರ ಎಣಿಸಿರಲಿಲ್ಲ.

ಆ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಅವಳಿಗೆ
ಎರಡು ನೈಟು ಹೆಚ್ಚಿಗೆ ಹಾಕಿದೆ.
ಹೇಳಿಬಿಡುತ್ತೇನೆ, ಬೇಕೆಂದೇ ಹಾಕಿದೆ.
ಅವಳು ಜಗಳಕ್ಕೆ ಬರಲಿಲ್ಲ. ಹಳೇ ರಿಜಿಸ್ಟರಿನ ಹಿಂಬದಿಗೆ
ಸ್ಕೇಲಿಟ್ಟು ಗೆರೆ ಎಳೆದಳು:
ಮಂಚ, ತಾರೀಕು, ಕೆಂಪು ಎಲ್ಲಿ, ಹೊರಳಿಸಿದ್ದು ಎಷ್ಟೊತ್ತಿಗೆ.
"ಬೆರಳಿಟ್ಟು ಒತ್ತಿ ನೀವೇ ಹೇಳಿ ಮೇಡಂ,
ಬೆಳ್ಳಗಾಯಿತೋ, ಇಲ್ಲ ಕೆಂಪಾಗೇ ಉಳಿಯಿತೋ.
ನಿಮ್ಮ ಬೆರಳಿಗೆ ತಿಳಿದಷ್ಟು ನನ್ನ ಕಣ್ಣಿಗೆ ತಿಳಿಯೋದಿಲ್ಲ."
ಜಾಣೆ.

ಹನ್ನೊಂದನೇ ಮಂಚ, ದಾದಾಪೀರ್, ಮುರಿದ ಸೊಂಟ.
ಟ್ರ್ಯಾಕ್ಷನ್ನಿನ ಇಟ್ಟಿಗೆ ಜೋತುಬಿದ್ದು ಹದಿನಾರು ದಿನ.
ಸ್ಪಿರಿಟ್ಟಿನ ಬಾಟಲಿ ಹಿಡಿದೇ ಹೋಗಿದ್ದೆ.
ಒತ್ತಿದೆ. ಬೆಳ್ಳಗಾಗಲಿಲ್ಲ.
ಅಂಗೈ ಮುಂದೆ ಹೋಯಿತು, ನಿಂತಿತು.
"ಯಾಕ್ ಸಿಸ್ಟರ್, ಉಜ್ಜಂಗಿಲ್ಲೇನು?
ಇವತ್ತು ಕೈಗೆ ಬ್ಯಾಸರ ಆತಾ?"
ಏನೆಂದು ಹೇಳಲಿ.

ಮನೆಗೆ ಹೋದರೆ ನಿದ್ದೆಯಿಲ್ಲ.
ಹರಪನಹಳ್ಳಿಯ ಲಾರಿ ಕ್ಲೀನರ್ ಹುಡುಗ, ಆನಗೋಡಿನ ಅಜ್ಜಿ,
ಹೆಸರು ಮರೆತು ಬೆನ್ನು ಮಾತ್ರ ನೆನಪಿರುವ ಎಷ್ಟೋ ಜನ.
ಉಜ್ಜಿಸಿಕೊಂಡು "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಅಂದಿದ್ದರು.

"ಎರಡು ತಾಸಿಗೊಮ್ಮೆ ಹೊರಳಿಸಿ ಅನ್ನುತ್ತದೆ ನಿನ್ನ ಕಾಗದ.
ಮಂಚ ನಲವತ್ತು, ನಾವಿಬ್ಬರು.
ಆ ಕಾಗದ ನಮ್ಮ ವಾರ್ಡು ನೋಡಿದೆಯಾ?"
ಮೊದಲ ಸಲ ಫರ್ಹಾನಾ ಸುಮ್ಮನಾದಳು.
ಗೆದ್ದೆ ಅನ್ನಿಸಲಿಲ್ಲ.
ನಮ್ಮಪ್ಪ ಕಾಟನ್ ಮಿಲ್ಲಿನವ. ಸೈರನ್ ಕೂಗಿದರೆ
ಅರ್ಧ ಊರು ಒಟ್ಟಿಗೆ ಮಗ್ಗುಲು ಬದಲಿಸುತ್ತಿತ್ತು.
ಮಿಲ್ಲು ಹೋಯಿತು. ನೆನಪು ಬಂತು.

ಮಂಚದ ಕೆಳಗೆ ಮಲಗುವ ಹೆಂಡತಿ, ತಮ್ಮ, ಸೊಸೆ,
ಅವರಿಗೇ ಕಲಿಸಿದೆವು: ಎಳೆಯಬೇಡಿ, ಎತ್ತಿ;
ಮೊಣಕಾಲ ನಡುವೆ ಮಡಿಸಿದ ಕಂಬಳಿ.
ಟ್ರ್ಯಾಕ್ಷನ್ನಿನವರು ಮಾತ್ರ ನಮ್ಮ ಪಾಲು,
ಹೊರಳಿಸುವಂತಿಲ್ಲ, ಅಂಗುಲದಷ್ಟು ಎತ್ತಿ ಹಿಡಿಯಬೇಕು.
ಈಗ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ
ಟಾರ್ಚು ಹಿಡಿದು ಸಾಲಿನ ನಡುವೆ ನಡೆಯುತ್ತೇನೆ,
"ಮಗ್ಗುಲು... ಮಗ್ಗುಲು..."
ಐವತ್ತರ ಹೆಂಗಸು, ಸಣ್ಣ ದನಿಯ ಸೈರನ್ನು.

ಮೂರು ತಿಂಗಳಾಯಿತು. ಕೆಂಪಾದದ್ದು ಒಂಬತ್ತು,
ಒಡೆದದ್ದು ಎರಡು.
"ಕಡಿಮೆಯಾಯಿತೇನ್ರೀ?" ಅಂದರು ಮೇಟ್ರನ್.
"ಹೇಳಲಾರೆ ಮೇಡಂ. ಮೊದಲು ಎಣಿಸಿದ್ದರೆ ತಾನೆ?"
ನನ್ನ ಬಾಯಿಂದಲೇ ಬಂತು ಆ ಮಾತು.
ಫರ್ಹಾನಾ ಕಿಟಕಿಯ ಕಡೆ ತಿರುಗಿ ನಕ್ಕಳು.

ದಾದಾಪೀರ್ ಇನ್ನೂ ಕೇಳುತ್ತಾನೆ, ನೋವಿನ ರಾತ್ರಿ.
ಪಕ್ಕದಲ್ಲಿ ಸ್ಟೂಲೆಳೆದು ಕೂರುತ್ತೇನೆ.
ಭುಜದ ಮೇಲೆ ಕೈ ಇಡುತ್ತೇನೆ. ಉಜ್ಜುವುದಿಲ್ಲ.
ಸುಮ್ಮನಿರುವುದು ಕೈಗೆ ಇನ್ನೂ ಒಗ್ಗಿಲ್ಲ,
ಬೆರಳು ತಾವೇ ಸುತ್ತಲು ಹವಣಿಸುತ್ತವೆ.
ತಡೆಯುತ್ತೇನೆ,
ಎರಡು ಗಂಟೆಯಾಗುವವರೆಗೆ.